ಮೇಜಿನ ಕಾಲಡಿಯ ಚೀಟಿ

ಅದು ೧೯೯೯ನೇ ಇಸವಿಯ ಬೇಸಿಗೆ. ತುಮಕೂರಿನ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ನಾನು ಲ್ಯಾಬ್ ಟೆಕ್ನಿಷಿಯನ್. ಲ್ಯಾಬ್ ಎಂದರೆ ಮೆಟ್ಟಿಲ ಕೆಳಗಿನ ಜಾಗ. ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಮನೆಗೆ ಬೀಗ ಹಾಕಿ, ಬಸ್ ಸ್ಟಾಪಿನವರೆಗೆ ನಡೆದು, ಬೀಗ ಎಳೆದು ನೋಡಲು ವಾಪಸ್ ಬರುವ ಪೈಕಿ ನಾನು. "ನಿನ್ನ ಎಳೆತಕ್ಕೇ ಒಂದಿನ ಬೀಗ ಕಿತ್ಕೊಂಡು ಬರುತ್ತೆ ಕಣೇ" ಎನ್ನುತ್ತಿದ್ದರು ನಮ್ಮ ಯಜಮಾನರು. ಇಷ್ಟು ಅನುಮಾನದ ಹೆಂಗಸು, ನಿಜವಾಗಿ ಅನುಮಾನಿಸಬೇಕಾದ ಒಂದು ವಿಷಯವನ್ನು ಮಾತ್ರ ವರ್ಷಗಟ್ಟಲೆ ನೆಮ್ಮದಿಯಾಗಿ ನಂಬಿದ್ದೆ.

ರಕ್ತಕ್ಕೆ ಸೋಂಕು ಹೊಕ್ಕಿದೆ ಎಂದು ಖಚಿತವಾಗಿ ಹೇಳುವುದು ಬ್ಲಡ್ ಕಲ್ಚರ್. ಆದರೆ ರೋಗಾಣು ಬೆಳೆದು ಕಾಣಿಸಿಕೊಳ್ಳಲು ಎರಡು ಮೂರು ದಿನ ಬೇಕು. ಅಷ್ಟು ದಿನ ಕಾಯುವ ತಾಳ್ಮೆ ಸೋಂಕಿಗಿರುವುದಿಲ್ಲ. ಹಾಗಾಗಿ ಮೊದಲು ಸಿ.ಆರ್.ಪಿ. ಎಂಬ ಪರೀಕ್ಷೆ ಮಾಡುತ್ತಿದ್ದೆವು. ಸೋಂಕಿನ ವಿರುದ್ಧ ದೇಹ ಎದ್ದು ನಿಂತಾಗ ಲಿವರ್ ತಯಾರಿಸಿ ರಕ್ತಕ್ಕೆ ಬಿಡುವ ಪ್ರೋಟೀನು ಅದು. ಕಪ್ಪು ಸ್ಲೈಡಿನ ಮೇಲೆ ರಕ್ತದ ತಿಳಿಯಾದ ಸೀರಂ ಒಂದು ಹನಿ, ಒಂದು ಹನಿ ಹಾಲಿನಂಥ ಲ್ಯಾಟೆಕ್ಸ್ ದ್ರವ ಹಾಕಿ ಎರಡು ನಿಮಿಷ ಅಲ್ಲಾಡಿಸಬೇಕು. ಹಾಲು ಒಡೆದಂತೆ ಕಾಳುಕಾಳಾದರೆ ಪಾಸಿಟಿವ್. ಹಾಲು ಹಾಲಾಗಿಯೇ ಉಳಿದರೆ ನೆಗೆಟಿವ್.

ನಮ್ಮಲ್ಲಿ ಇನ್ನೊಂದು ರೂಢಿಯಿತ್ತು. ಗುಬ್ಬಿ, ಕುಣಿಗಲ್, ಹೆಬ್ಬೂರು ಕಡೆಯವರಿಗೆ ಬಸ್ಸಿನ ಹೊತ್ತಿಗೆ ರಿಪೋರ್ಟ್ ಕೈಗೆ ಕೊಡಬೇಕು. ಆದ್ದರಿಂದ ಕೌಂಟ್ ಮತ್ತು ಸಿ.ಆರ್.ಪಿ. ಮೊದಲು, ಗಾಜಿನ ಮೇಲೆ ತೆಳುವಾಗಿ ಸವರಿದ ರಕ್ತದ ಸ್ಮಿಯರ್‌ಗೆ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುವುದು ಆಮೇಲೆ, ಪುರುಸೊತ್ತಾದಾಗ.

ಆ ದಿನ ಬೆಳಿಗ್ಗೆ ಹೆಬ್ಬೂರಿನಿಂದ ಗಂಗಮ್ಮ ಎಂಬಾಕೆ ಮಗಳು ರತ್ನಳನ್ನು ಕರೆತಂದಿದ್ದರು. ರತ್ನಳಿಗೆ ಇಪ್ಪತ್ತೆರಡು ವರ್ಷ, ಹೆರಿಗೆಯಾಗಿ ಒಂಬತ್ತು ದಿನ, ಮೂರು ದಿನದಿಂದ ಚಳಿಜ್ವರ. ಬಿಳಿರಕ್ತಕಣದ ಕೌಂಟ್ ೩,೮೦೦, ಅಂದರೆ ಸ್ವಲ್ಪ ಕಡಿಮೆ. ಸಿ.ಆರ್.ಪಿ. ಸ್ಲೈಡಿನಲ್ಲಿ ಹಾಲು ಹಾಲಾಗಿಯೇ ಇತ್ತು. "ನೆಗೆಟಿವ್" ಎಂದು ಬರೆದುಕೊಟ್ಟೆ. ಡಾಕ್ಟರು ವೈರಲ್ ಜ್ವರವೆಂದು ಮಾತ್ರೆ ಬರೆದು, ಮೂರು ದಿನ ಬಿಟ್ಟು ಬರಲು ಹೇಳಿದರು. ಮಗುವನ್ನು ಮನೆಯಲ್ಲಿ ತಂಗಿಯ ಹತ್ತಿರ ಬಿಟ್ಟು ಬಂದಿದ್ದ ರತ್ನಳಿಗೆ ಅಷ್ಟೇ ಬೇಕಿತ್ತು.

ಅವರು ಹೋದ ಮೇಲೆ ಸ್ಮಿಯರ್ ನೋಡಿದೆ. ಎರಡು ಸಲ ಎಣಿಸಿದೆ. ನೂರು ಬಿಳಿಕಣಗಳಲ್ಲಿ ಮೂವತ್ತಕ್ಕೂ ಹೆಚ್ಚು ಇನ್ನೂ ಬಲಿಯದ ಎಳೆಯವು, ಮೈತುಂಬ ಕಪ್ಪು ಚುಕ್ಕೆ. ದೊಡ್ಡವರೆಲ್ಲ ಮುಗಿದು ಮನೆಯ ಮಕ್ಕಳನ್ನೇ ಕಾಳಗಕ್ಕೆ ಕಳಿಸಿದ ಹಾಗೆ. ಇದು ವೈರಲ್ ಜ್ವರದ ರಕ್ತವಲ್ಲ. ಹಾಗಾದರೆ ಸಿ.ಆರ್.ಪಿ. ಯಾಕೆ ನೆಗೆಟಿವ್?

ಕಿಟ್ಟಿನ ಜೊತೆ ಬಂದಿದ್ದ ಸೂಚನೆಯ ಚೀಟಿ ನೆನಪಾಯಿತು. ಅದೆಲ್ಲಿ? ಮೈಕ್ರೋಸ್ಕೋಪಿನ ಮೇಜು ಕುಂಟುತ್ತಿತ್ತೆಂದು ನಾನೇ ಅದನ್ನು ಎಂಟು ಮಡಿಕೆ ಮಾಡಿ ಕಾಲಡಿ ತುರುಕಿದ್ದೆ. ನೆಲಕ್ಕೆ ಕೂತು ಎಳೆದು ಬಿಡಿಸಿದೆ. ಸಣ್ಣಕ್ಷರದಲ್ಲಿತ್ತು: ಸಿ.ಆರ್.ಪಿ. ಅತಿಯಾಗಿದ್ದರೆ ಲ್ಯಾಟೆಕ್ಸ್ ಒಡೆಯದೆಯೂ ಇರಬಹುದು. ಸೀರಂ ತೆಳುಮಾಡಿ ಇನ್ನೊಮ್ಮೆ ನೋಡತಕ್ಕದ್ದು. ಇದಕ್ಕೆ ಪ್ರೋಜೋನ್ ಎನ್ನುತ್ತಾರೆ. ಕೈಕೈ ಹಿಡಿದು ಸಾಲು ಕಟ್ಟಬೇಕಾದ ಮಕ್ಕಳಿಗೆಲ್ಲ ಎರಡೂ ಕೈಗೆ ಲಾಡು ಕೊಟ್ಟರೆ ಯಾರು ಯಾರ ಕೈ ಹಿಡಿದಾರು? ಲ್ಯಾಟೆಕ್ಸ್ ಕಣಗಳೇ ಆ ಮಕ್ಕಳು, ಸಿ.ಆರ್.ಪಿ. ಲಾಡು. ಕಾಲೇಜಿನಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ತೆಳುಮಾಡಿದ ಸೀರಂನ ಎರಡನೇ ಹನಿ ಹಾಕಿ ನೋಡುವುದನ್ನು ಬಸ್ಸಿನ ಅವಸರದಲ್ಲಿ ಯಾವಾಗಲೋ ಕೈಬಿಟ್ಟಿದ್ದೆ.

ಉಳಿದಿದ್ದ ಸೀರಂ ತೆಳುಮಾಡಿ ಹಾಕಿದೆ. ಅರ್ಧ ನಿಮಿಷಕ್ಕೆ ಹಾಲು ಒಡೆಯಿತು. ಅರವತ್ತನಾಲ್ಕು ಪಾಲು ತೆಳುಮಾಡಿದರೂ ಒಡೆಯಿತು.

ಡಾಕ್ಟರ ಕೋಣೆಗೆ ನುಗ್ಗಿ, "ಸಾರ್, ನಾನು ಕೊಟ್ಟ ರಿಪೋರ್ಟು ತಪ್ಪು" ಎಂದೆ. ಅವರು ಸ್ಮಿಯರ್ ಒಮ್ಮೆ ನೋಡಿದರು. "ಹೋಗಿ ಹಿಡ್ಕೊಂಡು ಬಾರಮ್ಮ. ಬೈಯೋದು ಆಮೇಲೆ ಇಟ್ಕೊಳೋಣ."

ಆಟೋ ಹಿಡಿದು ಬಸ್‌ಸ್ಟ್ಯಾಂಡಿಗೆ ಹೋದೆ. ಹೆಬ್ಬೂರಿನ ಮೇಲೆ ಕುಣಿಗಲ್ಲಿಗೆ ಹೋಗುವ ಬಸ್ಸು ಸ್ಟಾರ್ಟಾಗಿ ನಿಂತಿತ್ತು. ಆ ಬಿಸಿಲಿನಲ್ಲಿ ಕಿವಿಗೆ ಉಣ್ಣೆಯ ಸ್ಕಾರ್ಫ್ ಕಟ್ಟಿದ್ದ ಬಾಣಂತಿಯನ್ನು ಹುಡುಕುವುದು ಕಷ್ಟವಾಗಲಿಲ್ಲ.

"ಏನೂ ಇಲ್ಲ ಅಂತ ನೀವೇ ಬರ್ಕೊಟ್ರಲ್ಲವ್ವ?" ಎಂದರು ಗಂಗಮ್ಮ.

"ನಾನೇ ತಪ್ಪು ಬರ್ದಿದ್ದು. ರಕ್ತಕ್ಕೆ ನಂಜು ಏರಿರೋ ಹಾಗಿದೆ. ಇಳೀರಿ."

"ನಾ ಬರಕ್ಕಿಲ್ಲ. ಮಗ ಹಾಲಿಗೆ ಅಳ್ತಾ ಇರ್ತೈತೆ" ಎಂದಳು ರತ್ನ. ಅವಳ ಹಲ್ಲು ಕಟಕಟ ಎನ್ನುತ್ತಿದ್ದವು.

ಕಂಡಕ್ಟರ್ ಕೂಗಿದ: "ಇಳಿಯೋರು ಇಳೀರಿ, ಕೂರೋರು ಕೂರ್ರಿ. ನನ್ ಬಸ್ಸಲ್ಲಿ ಪಂಚಾಯ್ತಿ ಬ್ಯಾಡ!"

ಗಂಗಮ್ಮ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದರು. ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ, ನನಗೇ ಗೊತ್ತಾಗಿರಲಿಲ್ಲ. "ತಪ್ಪು ಮಾಡಿದೋರು ತಪ್ಪಿಸ್ಕೊಂಡು ಓಡ್ತಾರೆ. ಇವ್ಳು ನಮ್ಮನ್ನ ಹುಡಿಕ್ಕಂಡು ಬಂದವ್ಳೆ. ಇಳಿಯೇ ರತ್ನ" ಎಂದರು. ವಿಷಯ ತಿಳಿದ ಕಂಡಕ್ಟರ್ ಮೆತ್ತಗಾದ. "ಮಗೀನ ಚಿಂತೆ ಬುಡಕ್ಕಾ, ನಿಮ್ಮನೇಗೆ ನಾನೇ ಯೋಳ್ತೀನಿ" ಎಂದ. ಹೇಳಿದ ಹಾಗೆಯೇ ಮಾಡಿದ. ಮಧ್ಯಾಹ್ನ ರತ್ನಳ ತಂಗಿ ಮಗುವನ್ನೆತ್ತಿಕೊಂಡು ಬಂದಿಳಿದಳು.

ಆ ಹೊತ್ತಿಗೆ ರತ್ನಳ ಬಿ.ಪಿ. ಎಂಬತ್ತಕ್ಕೆ ಬಿದ್ದಿತ್ತು. ಆದರೆ ಕಲ್ಚರ್‌ಗೆ ರಕ್ತ ತೆಗೆದಾಗಿತ್ತು, ಡ್ರಿಪ್ಪು ಹರಿಯುತ್ತಿತ್ತು, ಆಂಟಿಬಯಾಟಿಕ್ ಒಳಗೆ ಹೋಗಿತ್ತು. ಮೂರನೇ ದಿನ ಕಲ್ಚರಿನಲ್ಲಿ ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣು ಬೆಳೆಯಿತು. ಅದಕ್ಕಾಗಿ ಕಾದಿದ್ದರೆ ಆ ರಿಪೋರ್ಟ್ ಕೇಳಲು ರತ್ನ ಇರುತ್ತಿರಲಿಲ್ಲ. ಹನ್ನೊಂದನೇ ದಿನ ಅವಳು ನಡೆದುಕೊಂಡೇ ಹೊರಟಳು.

ಬೈಗುಳ ಮಾತ್ರ ಬರಲೇ ಇಲ್ಲ. ನಾನೇ ಹೋಗಿ ನೆನಪಿಸಿದೆ. ಬಾಕಿ ಉಳಿದರೆ ನನಗೆ ನಿದ್ದೆ ಬಾರದು. ಡಾಕ್ಟರು ಆ ಎಂಟು ಮಡಿಕೆಯ ಚೀಟಿಯನ್ನು ಓದುತ್ತಾ ಕೂತಿದ್ದರು. "ಇದನ್ನ ನಾನೂ ಓದಿರ್ಲಿಲ್ಲ ಕಣಮ್ಮ. ನಾಳೆಯಿಂದ ಸೀರಂ ಎರಡು ಹನಿ, ಒಂದು ಹಾಗೇ, ಒಂದು ತೆಳು ಮಾಡಿ. ಬಸ್ಸು ತಪ್ಪಿದ್ರೆ ಇನ್ನೊಂದು ಬರುತ್ತೆ" ಎಂದರು. ಅಷ್ಟೇ.

ಆಮೇಲಿನ ವರ್ಷಗಳಲ್ಲಿ ಸೋಂಕನ್ನು ಸೂಚಿಸುವ ಪ್ರೊಕ್ಯಾಲ್ಸಿಟೋನಿನ್ ಎಂಬ ಹೊಸ ಮಾರ್ಕರ್ ಬಂತು, ಅಂಕಿಯನ್ನು ತಾನೇ ಅಚ್ಚುಹಾಕುವ ಯಂತ್ರಗಳು ಬಂದವು. ಯಂತ್ರ ಮಾರಲು ಬಂದವನಿಗೆ ನನ್ನ ಮೊದಲ ಪ್ರಶ್ನೆ: "ತೀರಾ ಜಾಸ್ತಿ ಇದ್ರೆ ಇದು ಏನು ತೋರ್ಸುತ್ತೆ?" ಅವನು ನಗುತ್ತಾನೆ. ನಗಲಿ. ಒಂದು ರಿಪೋರ್ಟು ಇನ್ನೊಂದರ ಜೊತೆ ಜಗಳಕ್ಕೆ ನಿಂತರೆ, ಎರಡನ್ನೂ ಕೂರಿಸಿ ಕೇಳುವವರೆಗೆ ರೋಗಿಯನ್ನು ಕಳಿಸಬಾರದು. ವೃತ್ತಿ ನನಗೆ ಕಲಿಸಿದ್ದು ಇಷ್ಟು. ಕಲಿಸಿದ ಆ ತಾಯಿ ಮಗಳಿಗೆ, ಬೈಯದ ಆ ಡಾಕ್ಟರಿಗೆ, ಹೆಸರೂ ಕೇಳದೆ ಬಿಟ್ಟ ಆ ಕಂಡಕ್ಟರಿಗೆ ನಾನು ಋಣಿ.

ಚೀಟಿಯ ಕತೆಯನ್ನು ನನ್ನಿಂದಲೇ ಕೇಳಿದ್ದ ಗಂಗಮ್ಮ, ರತ್ನಳನ್ನು ಮತ್ತೆ ತೋರಿಸಲು ಬಂದಾಗ ಸೆರಗಿನಿಂದ ತೆಂಗಿನ ಮರದ ಒಂದು ಸಣ್ಣ ಬೆಣೆ ತೆಗೆದು ನನ್ನ ಕೈಗಿಟ್ಟಿದ್ದರು. "ಮೇಜಿನ ಕಾಲ್ಗೆ ಇದಿಕ್ಕವ್ವ. ಕಾಗ್ದ ಓದಕ್ಕಿರ್ಲಿ." ಈಗಿನ ಲ್ಯಾಬಿನಲ್ಲಿ ಮೇಜುಗಳು ಕುಂಟುವುದಿಲ್ಲ. ಬೆಣೆ ಮಾತ್ರ ನನ್ನ ಮೈಕ್ರೋಸ್ಕೋಪಿನ ಪಕ್ಕದಲ್ಲಿದೆ. ರಿಪೋರ್ಟಿಗೆ ಸಹಿ ಹಾಕುವ ಮೊದಲು ಅದನ್ನೊಮ್ಮೆ ಮುಟ್ಟುತ್ತೇನೆ, ಬೀಗ ಎಳೆದು ನೋಡುವ ಹಾಗೆ.