ಅಡ್ವಾನ್ಸ್ ಮೊದಲೋ, ಕೀಲಿಕೈ ಮೊದಲೋ

ಹಳೇಬೀಡಿನ ಬಾಡಿಗೆ ಮನೆಯನ್ನು ಖಾಲಿ ಮಾಡಿ, ಬಿಗಿಯಾಗಿದ್ದ ಬೀಗಕ್ಕೆ ಕೊಬ್ಬರಿ ಎಣ್ಣೆ ಬಿಟ್ಟೆ. ಕೀಲಿಕೈಗೆ ಅಂಟಿದ ಆ ವಾಸನೆ ನನ್ನನ್ನು ಅರಸೀಕೆರೆಗೆ, ನಾವು ಹಿಂದೆ ಬಾಡಿಗೆಗಿದ್ದ ಗೌರಮ್ಮನವರ ವಠಾರಕ್ಕೆ ಕರೆದೊಯ್ದಿತು. ಅಲ್ಲಿ ನಮ್ಮ ತಲೆಯ ಮೇಲಿನ ಅಟ್ಟದಲ್ಲಿ ಅವರ ತೆಂಗಿನಕಾಯಿಗಳು ಸದಾ ಕೊಬ್ಬರಿಯಾಗುತ್ತಿದ್ದವು. ನನ್ನ ಪದವಿಯ ಪುಸ್ತಕಗಳಿಗೂ ಅದೇ ಪರಿಮಳ.

ಓದುಗರೇ, ನಮ್ಮ ಕಡೆಯ ಪದ್ಧತಿಯೊಂದನ್ನು ನಿಮಗೆ ತಿಳಿಸಬೇಕು. ಮನೆ ಬಿಡುವವರು ಅಡ್ವಾನ್ಸ್ ಕೈಸೇರುವವರೆಗೆ ಕೀಲಿಕೈ ಕೊಡುವುದಿಲ್ಲ. ಮನೆಯ ಮಾಲೀಕರೋ, ಹೊಸಬರ ಅಡ್ವಾನ್ಸ್ ಬಂದ ಮೇಲೆಯೇ ಹಳಬರದ್ದನ್ನು ಹಿಂದಿರುಗಿಸುತ್ತಾರೆ. ಬೀಗ ಹಾಕಿದ ಮನೆಗೆ ಹೊಸಬರು ಬರುವುದು ಹೇಗೆಂದು ನಾವಾಗಲಿ ಗೌರಮ್ಮನವರಾಗಲಿ ಯೋಚಿಸಲಿಲ್ಲ. ನಾವು ಬಿಟ್ಟ ಮನೆಯಲ್ಲಿ ಜೇಡ ಬಲೆ ಕಟ್ಟಿತು. ಅಮ್ಮ ಹೊಲಿಗೆ ಅಂಗಡಿ ಹಾಕಲು ನೆಚ್ಚಿಕೊಂಡಿದ್ದ ಅಡ್ವಾನ್ಸ್ ಹಣವೆಲ್ಲ ಗೌರಮ್ಮನವರ ಬಳಿಯೇ ಉಳಿಯಿತು.

ನಮ್ಮ ಮನೆತನದಲ್ಲಿ ಮೊದಲು ಪದವಿ ಪಡೆದವನು ನಾನು. ಆದ್ದರಿಂದ ನನಗೆ ಕಾನೂನು ತಿಳಿದಿರಲೇಬೇಕೆಂದು ಎಲ್ಲರೂ ನಂಬಿದ್ದರು. ನಾನು ಓದಿದ್ದು ಸಸ್ಯಶಾಸ್ತ್ರ. ಅಳುಕುತ್ತಲೇ ವಕೀಲರೊಬ್ಬರನ್ನು ವಿಚಾರಿಸಿದೆ. ಮನೆ ಬಿಟ್ಟ ಮೂರು ವರ್ಷದೊಳಗೆ ದಾವೆ ಹೂಡದಿದ್ದರೆ ಹಣ ಕೇಳುವ ಹಕ್ಕು ನ್ಯಾಯಾಲಯದಲ್ಲಿ ನಿಲ್ಲದು. ಅಷ್ಟರೊಳಗೆ ಗೌರಮ್ಮನವರು ಬಾಕಿ ಒಪ್ಪಿ ಸಹಿ ಹಾಕಿದರೆ ಗಡುವು ಮತ್ತೆ ಹೊಸದಾಗಿ ಆರಂಭವಾಗುತ್ತದೆ ಎಂದರು. ಮೂರನೆಯ ವರ್ಷ ಮುಗಿಯುತ್ತ ಬಂದಿತ್ತು.

ನಾನು ಬರೆದ ನೋಟಿಸಿನ ಕರಡನ್ನು ಕೇಳಿ, ಅಮ್ಮ ಹಲ್ಲಿನಿಂದ ದಾರ ಕಡಿದಳು. "ಗಂಡ ಹೋದ್ಮೇಲೆ ಆಯಮ್ಮ ಎಲ್ಲಿಂದ ತಂದ್ಕೊಟ್ಟಾಳು? ಏಳು, ಬೀಗದ ಕೈ ಕೊಟ್ಬುಟ್ಟು ಬರಾನ."

"ಅಮ್ಮಾ, ನಮ್ ಕೈಲಿರೋದೇ ಅದೊಂದು!"

"ಇಟ್ಕಂಡು ಏನ್ ಮಾಡ್ದೆ? ಉಪ್ಪಿನಕಾಯಿ ಹಾಕ್ದಾ?"

ಅಮ್ಮ ಕೊಟ್ಟ ಕೀಲಿಕೈಯನ್ನು ಗೌರಮ್ಮನವರು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. "ಕೇಳಾಕೆ ನಂಗೂ ಮುಖ ಇರ್ಲಿಲ್ಲ ಕಣೇ ರತ್ನ" ಎಂದರು. ನಾನು ಬಾಕಿ ಒಪ್ಪಿಗೆಯ ಕಾಗದವನ್ನು ಮುಂದಿಟ್ಟೆ.

"ಏನಪ್ಪಾ, ನಿಮ್ಮಮ್ಮ ನಂಬ್ತಾಳೆ, ನೀನು ನಂಬಲ್ವಾ?" ಎಂದು ಗದರಿದರು, ಗದರುತ್ತಲೇ ದೊಡ್ಡ ಅಕ್ಷರಗಳಲ್ಲಿ ಸಹಿ ಹಾಕಿದರು. "ತಗೋ. ನಾಳೆ ನಾನು ಸತ್ರೂ ನನ್ ಮಕ್ಳು ಇಲ್ಲ ಅನ್ನಂಗಿಲ್ಲ."

ಕೆಲ ದಿನಗಳಲ್ಲೇ ಜಾವಗಲ್ ಕಡೆಯ ಕುಟುಂಬವೊಂದು ಆ ಮನೆಗೆ ಬಂದಿತು. ಅವರು ಕೊಟ್ಟ ಅಡ್ವಾನ್ಸ್, ಮೇಲೊಂದು ಕೊಬ್ಬರಿ ಗಿಟುಕಿನೊಡನೆ, ಮಾರನೆಯ ದಿನವೇ ನಮ್ಮ ಮನೆ ಸೇರಿತು.

"ಹೊಸಬ್ರು ಬರ್ಲಿ ಸಾರ್, ನಿಮ್ ದುಡ್ಡು ಎಲ್ಲೂ ಹೋಗಲ್ಲ." ಈಗ ಹಳೇಬೀಡಿನ ಮನೆಯ ಮಾಲೀಕರು ಬಾಗಿಲಲ್ಲಿ ನಿಂತಿದ್ದರು. ಹಣ ಬರುವವರೆಗೆ ಕೀಲಿಕೈ ಕೊಡಕೂಡದೆಂದು ಬೆಳಗಿನಿಂದ ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡಿದ್ದೆ. ಆದರೂ ಎಣ್ಣೆ ಮೆತ್ತಿದ ಆ ಕೀಲಿಕೈಯನ್ನು ಅವರ ಅಂಗೈಯಲ್ಲಿಟ್ಟೆ.

ಬಳಿಕ, ಹುಟ್ಟುಗುಣ ಬಿಡಲಾರದೆ, ಒಂದು ಕಾಗದವನ್ನೂ ಪೆನ್ನನ್ನೂ ಮುಂದೆ ಹಿಡಿದೆ.