ಪಕೀರಪ್ಪನ ಬಿಲ್ಲೆ, ಗದ್ದೆಪ್ಪನ ವಿಮಾನ

ಹಟ್ಟಿಯ ಚಿನ್ನದ ಗಣಿಯಲ್ಲಿ ಮೂವತ್ತೊಂದು ವರ್ಷ ಫಿಟ್ಟರ್ ಆಗಿದ್ದ ಗದ್ದೆಪ್ಪ ನಿವೃತ್ತನಾದ ಮೇಲೆ ಗುರುಗುಂಟಾದ ತನ್ನ ಮನೆಯಲ್ಲಿ ಥರ್ಮಾಕೋಲಿನ ವಿಮಾನ ಮಾಡತೊಡಗಿದ. ಹಳೆಯ ಯುದ್ಧವಿಮಾನದ ಆಕಾರ, ಮೂತಿಗೆ ಗಿರಗಿರ ತಿರುಗುವ ಪಂಖ, ಒಳಗೆ ಬ್ಯಾಟರಿ, ಕೈಯಲ್ಲಿ ರಿಮೋಟ್. ಭತ್ತ ಕೊಯ್ದ ಮೇಲೆ ಸಿಂಧನೂರಿನ ಆಚೆಯ ಖಾಲಿ ಗದ್ದೆಗಳಲ್ಲಿ ಭಾನುವಾರ ಬೆಳಿಗ್ಗೆ ಇಂಥ ಹುಚ್ಚಿನವರು ಏಳೆಂಟು ಮಂದಿ ಸೇರುತ್ತಾರೆ. ಪ್ರತಿ ವಿಮಾನಕ್ಕೂ ಉದ್ದನೆಯ ಕಾಗದದ ಬಾಲ. ಎದುರಾಳಿಯ ಬೆನ್ನುಹತ್ತಿ, ಪಂಖದಿಂದ ಅವನ ಬಾಲ ಕತ್ತರಿಸಿದವನು ಗೆದ್ದಂತೆ.

ಗದ್ದೆಪ್ಪ ಒಮ್ಮೆಯೂ ಗೆದ್ದಿರಲಿಲ್ಲ. ನೇರ ಹಾರಿದರೆ ಅವನ ವಿಮಾನ ಯಾರಿಗೂ ಸಿಗದು. ತಿರುಗುವುದಕ್ಕೆ ಮಾತ್ರ ಇಡೀ ಬಯಲು ಬೇಕು. ಅಷ್ಟರಲ್ಲಿ ಅಕ್ಕಿ ಗಿರಣಿಯ ಬಸವಲಿಂಗನ ವಿಮಾನ ಸಣ್ಣ ಸುತ್ತು ಹೊಡೆದು ಹಿಂದೆ ಬಂದುಬಿಡುತ್ತಿತ್ತು.

"ಏನಣ್ಣಾ, ವಿಮಾನ ಹಾರಸಾಕತ್ತೀರೋ, ಟ್ರ್ಯಾಲಿ ಕಟ್ಟಿದ ಟ್ರ್ಯಾಕ್ಟರ್ ಹೊಳ್ಳಸಾಕತ್ತೀರೋ?" ಎಂದು ಬಸವಲಿಂಗ ನಗುತ್ತಿದ್ದ.

ಗದ್ದೆಪ್ಪ ದೊಡ್ಡ ಮೋಟರು ಕೂಡಿಸಿದ. ವೇಗ ಹೆಚ್ಚಿತು, ಸುತ್ತು ಇನ್ನೂ ಅಗಲವಾಯಿತು. ಮುಂದಿನ ವಾರ ಕಾಲುವೆಗೆ ನೀರು ಬಂದು ಗದ್ದೆಗಳು ತುಂಬುವುದಿತ್ತು. ಬಯಲಿನಲ್ಲಿ ಆಡಲು ಒಂದೇ ಭಾನುವಾರ ಉಳಿದಿತ್ತು. ಅಂದೂ ಸೋತರೆ ಎಲ್ಲವನ್ನೂ ಅಟ್ಟಕ್ಕೆ ಹಾಕುವುದೆಂದು ಅವನು ನಿಶ್ಚಯಿಸಿದ್ದ.

ಶನಿವಾರ ಮಸ್ಕಿಯಿಂದ ಸಂಘಮಿತ್ರಾ ಬಂದಳು. ಶಾಲೆಯಲ್ಲಿ ವಿಜ್ಞಾನ ಕಲಿಸುವವಳು, ಪಕೀರಪ್ಪನ ಮಗಳು. ಪಕೀರಪ್ಪ ಗಣಿಯಲ್ಲಿ ಗದ್ದೆಪ್ಪನ ಪಾಳಿಯ ಜೊತೆಗಾರ. "ಇಷ್ಟು ದಿನ ಭೂಮಿ ಒಳಗ ನೋಡಿದ್ದಾತು, ಒಮ್ಮೆ ಮ್ಯಾಲಿಂದ ನೋಡೂಣು" ಎಂದು ಈ ವಿಮಾನದ ಹುಚ್ಚು ಹಚ್ಚಿದವನೇ ಅವನು. ಮೊದಲ ವಿಮಾನ ಮೇಲೇರುವ ಮುನ್ನವೇ ಜ್ವರದಲ್ಲಿ ತೀರಿಕೊಂಡಿದ್ದ.

ಸಂಘಮಿತ್ರಾ ವಿಮಾನದ ರೆಕ್ಕೆಗಳ ಕೆಳಗೆ ಎರಡು ಬೆರಳಿಟ್ಟು ಎತ್ತಿದಳು. ಮೂತಿ ಬಗ್ಗಿತು.

"ಕಾಕಾ, ಮೂತಿ ಯಾಕ ಇಷ್ಟು ವಜ್ಜಿ ಐತಿ? ಮೊದಲ ದೊಡ್ಡ ಮೋಟರು ತಗೀರಿ. ಓಡೋದು ಜೋರಾದಷ್ಟೂ ಸುತ್ತು ದೊಡ್ಡದು. ಹಗುರ ಇದ್ರ ರೆಕ್ಕಿ ಲಗೂನ ಹೊಳ್ಳಸ್ತಾವು. ಮೂತಿ ಭಾರ ಆದ್ರ ಹಿಂದಿನ ಸಣ್ಣ ರೆಕ್ಕಿ ಎಷ್ಟು ಒತ್ತಿದ್ರೂ ಅದು ನೆಟ್ಟಗ ಹೋಗಾಕ ನೋಡ್ತೈತಿ."

"ಮೋಟರು ತಗೀತೀನಿ. ಮೂತಿಗೆ ಮಾತ್ರ ಕೈ ಹಚ್ಚಬ್ಯಾಡವ್ವಾ."

ಅವಳು ಆಗಲೇ ಮುಚ್ಚಳ ಬಿಚ್ಚಿದ್ದಳು. ಒಳಗೆ ಒಂದು ಹಿತ್ತಾಳೆ ಬಿಲ್ಲೆ ಅಂಟಿಸಿತ್ತು. ಅದರ ಮೇಲಿನ ಗಣಿ ನಂಬರು ಅವಳ ಅಪ್ಪನದು.

"ಮ್ಯಾಲಿಂದ ನೋಡಬೇಕಂದಿದ್ದ," ಎಂದ ಗದ್ದೆಪ್ಪ. "ಸೋತರೂ ಅಡ್ಡಿ ಇಲ್ಲ. ಅವನ್ನ ಹೆಂಗ ಕೆಳಗಿಳಿಸಲಿ?"

ಸಂಘಮಿತ್ರಾ ಬಿಲ್ಲೆಯ ನಂಬರಿನ ಮೇಲೆ ಬೆರಳಾಡಿಸಿದಳು. ಪಕೀರಪ್ಪ, ಗದ್ದೆಪ್ಪರ ಕಾಲದಲ್ಲಿ ಗಣಿಗೆ ಇಳಿಯುವವರು ತಮ್ಮ ಬಿಲ್ಲೆಯನ್ನು ಮೇಲಿನ ಹಲಗೆಗೆ ತೂಗುಹಾಕಿ ಹೋಗುತ್ತಿದ್ದರು. ತಿರುಗಿ ಬಂದವರು ತೆಗೆದುಕೊಳ್ಳುತ್ತಿದ್ದರು. ಮೊಳೆಗೆ ಬಿಲ್ಲೆ ಇದೆಯೆಂದರೆ ಆ ಮನುಷ್ಯ ಇನ್ನೂ ಕೆಳಗೆ ಕೆಲಸದಲ್ಲಿದ್ದಾನೆ ಎಂದರ್ಥ.

"ಕಾಕಾ, ಅಪ್ಪ ಎಂದಾರ ಬಿಲ್ಲಿ ಸಂಗಾಟ ತಗೊಂಡು ಗಣಿಗೆ ಇಳಿದಾನೇನು? ಹಲಗಿಗೇ ಬಿಟ್ಟು ಹೋಗ್ತಿದ್ದ. ನಾಳಿ ಅಂವ ಹೋಗಲಿ, ಬಿಲ್ಲಿ ನಾ ಹಿಡಕೊಂಡು ನಿಂದ್ರತೀನಿ."

ಗದ್ದೆಪ್ಪ ಎದ್ದು ಹಳೆಯ ಸಣ್ಣ ಮೋಟರು ತಂದು ಕೂಡಿಸಿದ, ಬ್ಲೇಡಿನಿಂದ ಅಂಟನ್ನು ಮೆಲ್ಲಗೆ ಬಿಡಿಸಿ ಬಿಲ್ಲೆಯನ್ನು ಅವಳ ಕೈಗಿಟ್ಟ. ಬ್ಯಾಟರಿಯನ್ನೂ ಒಂದು ಬೆರಳು ಹಿಂದೆ ಸರಿಸಿದ.

"ಇನ್ನ ಸಾಕು. ಇನ್ನೂ ಹಿಂದ ಹೋದ್ರ ತಲಿಕೆಳಗಾಗಿ ಲಗಾಟಿ ಹೊಡೀತೈತಿ," ಎಂದಳು ಅವಳು.

ಭಾನುವಾರ ಸಂಘಮಿತ್ರಾ ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದು ಬದುವಿನ ಮೇಲೆ ನಿಂತಳು. ಬಸವಲಿಂಗನ ವಿಮಾನ ಎಂದಿನಂತೆ ಬೆನ್ನುಹತ್ತಿತು. ಗದ್ದೆಪ್ಪ ವೇಗ ತುಸು ತಗ್ಗಿಸಿ ರೆಕ್ಕೆ ವಾಲಿಸಿ ಎಳೆದ. ಹೆಚ್ಚು ಎಳೆದರೆ ರೆಕ್ಕೆಗೆ ಗಾಳಿ ತಪ್ಪಿ ವಿಮಾನ ಕಲ್ಲಿನಂತೆ ಬೀಳುತ್ತದೆ. ಅದು ನಡುಗತೊಡಗುವ ಅಂಚಿನಲ್ಲೇ ಬೆರಳು ನಿಲ್ಲಿಸಿದ. ವಿಮಾನ ಒಂದೇ ಗದ್ದೆಯ ಅಗಲದಲ್ಲೇ ಸುತ್ತು ಮುಗಿಸಿ ಬಸವಲಿಂಗನ ಹಿಂದೆ ಬಂತು. ಅವನ ಬಾಲದ ಕಾಗದದ ತುಂಡೊಂದು ತೇಲುತ್ತ ಕೊಯ್ದ ಭತ್ತದ ಕೂಳೆಗಳ ಮೇಲೆ ಬಿತ್ತು.

"ಎಲಾ! ಟ್ರ್ಯಾಲಿ ಎಲ್ಲಿ ಬಿಚ್ಚಿಟ್ಟು ಬಂದೀರಿ ಅಣ್ಣಾ?" ಎಂದು ಬಸವಲಿಂಗ ಕೂಗಿದ.

ಗದ್ದೆಪ್ಪನಿಗೆ ಅದು ಕೇಳಿಸಿತೋ ಇಲ್ಲವೋ. ವಿಮಾನವನ್ನು ಜೋಪಾನವಾಗಿ ಇಳಿಸಿ ಸಂಘಮಿತ್ರಾಳ ಮುಂದೆ ಅಂಗೈ ಚಾಚಿದ. ಅವಳು ಮುಷ್ಟಿ ಬಿಚ್ಚಿದಳು. ಬಿಲ್ಲೆ ಬೆಚ್ಚಗಿತ್ತು.