ಮಾದೇವಿಯನ್ನು ಮಲಗಿಸುತ್ತಿದ್ದ ಶರಣವ್ವತ್ತಿ

ಬೆಚ್ಚಗೆ ಮಾಡಿದ ಕುಸುಬಿ ಎಣ್ಣೆಯ ವಾಸನೆ ಎಲ್ಲಿ ಬಂದರೂ ನನಗೆ ಶಹಾಬಾದಿನ ನಮ್ಮ ಮನೆಯ ಸಂಜೆಗಳು ನೆನಪಾಗುತ್ತವೆ. ನಿಮಗೂ ಅಂಥದೊಂದು ವಾಸನೆ ಇದ್ದೀತು. ಮನೆ ಹೋಗಿರುತ್ತದೆ, ಮಂದಿ ಹೋಗಿರುತ್ತಾರೆ, ಅದೊಂದು ಉಳಿದಿರುತ್ತದೆ. ಅಪ್ಪ ಗಣಿಯಲ್ಲಿ ಹಾಸುಗಲ್ಲು ಹೊರುತ್ತಿದ್ದ. ನನಗೆ ಎಂಟು ವರ್ಷವಿದ್ದಾಗ ಅವ್ವ ಜ್ವರ ಬಂದು ತೀರಿಕೊಂಡಳು. ತಂಗಿ ಮಾದೇವಿ ಆಗಿನ್ನೂ ಮಾತು ಕಲಿಯುತ್ತಿದ್ದಳು. ಹಗಲೆಲ್ಲ ಆಡಿಕೊಂಡಿರುತ್ತಿದ್ದ ಕೂಸು ಕಂದೀಲು ಹಚ್ಚಿದೊಡನೆ ಬಾಗಿಲ ಕಡೆ ನೋಡಿ ಅಳುತ್ತಿತ್ತು. ಅಪ್ಪ ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ತಿರುಗುತ್ತಿದ್ದ. ದಣಿವಿಗೆ ಅವನ ಕಣ್ಣುಗಳೇ ಮುಚ್ಚುತ್ತಿದ್ದವು, ಕೂಸಿನವು ಮುಚ್ಚುತ್ತಿರಲಿಲ್ಲ. ಆಗ ತೆಂಗಳಿಯಿಂದ ಬಂದವಳು ಅಪ್ಪನ ಅಕ್ಕ, ಶರಣವ್ವತ್ತಿ. ಗಂಡ ಸತ್ತಿದ್ದ, ಮಕ್ಕಳಿರಲಿಲ್ಲ, ಮೈದುನನ ಮನೆಯಲ್ಲಿ ಇರುತ್ತಿದ್ದಳು.

ಅತ್ತಿ ಗದರಲಿಲ್ಲ, ಹೆಚ್ಚು ಮುದ್ದೂ ಮಾಡಲಿಲ್ಲ. ದಿನಾ ಅದೇ ಹೊತ್ತಿಗೆ ಹಾಲಿನಲ್ಲಿ ರೊಟ್ಟಿ ನೆನೆಸಿ ತಿನ್ನಿಸುವಳು, ಬಿಸಿನೀರಿನಲ್ಲಿ ಕಾಲು ತೊಳೆಯುವಳು, ಹಣೆಗೆ ವಿಭೂತಿ ಹಚ್ಚುವಳು, ಕೌದಿಯ ಮೇಲೆ ಮಲಗಿಸಿ ಅಂಗಾಲಿಗೆ ಎಣ್ಣೆ ತಿಕ್ಕುವಳು. ಆಮೇಲೆ ಕಂದೀಲು ಸಣ್ಣದು ಮಾಡಿ, ದನಿ ತಗ್ಗಿಸಿ, “ಆಕಳ ಮಕ್ಕೊಂಡದ, ಕರ ಮಕ್ಕೊಂಡದ, ಕೋಳಿ ಮಕ್ಕೊಂಡಾವ, ಅತ್ತಿ ಇಲ್ಲೇ ಇದ್ದಾಳ” ಎನ್ನುವಳು. ಮೊದಮೊದಲು ಮಾದೇವಿ ಅತ್ತಳು. ಅತ್ತಿ ಒಂದು ದಿನವೂ ಕ್ರಮ ಬಿಡಲಿಲ್ಲ. ಮಳೆಗಾಲ ಬರುವ ಹೊತ್ತಿಗೆ ಕೂಸು ಕಾಲು ತಾನೇ ಮುಂದೆ ಚಾಚುತ್ತಿತ್ತು. ಕೋಳಿಗಳ ಮಾತು ಬರುವಷ್ಟರಲ್ಲಿ ನಿದ್ದೆ ಹೋಗಿರುತ್ತಿತ್ತು. ಪಕ್ಕದಲ್ಲಿ ಮಲಗಿದ ನಾನೂ ಅದೇ ದನಿ ಕೇಳುತ್ತ ಅವ್ವನನ್ನು ಅಷ್ಟಷ್ಟಾಗಿ ಮರೆಯುತ್ತಿದ್ದೆ.

ಎರಡು ವರ್ಷಕ್ಕೆ ಅಪ್ಪ ಐನಾಪುರದ ಕಮಲವ್ವನನ್ನು ಮದುವೆಯಾಗಿ ತಂದ. ಆಕೆ ಇನ್ನೂ ಸಣ್ಣ ವಯಸ್ಸಿನವಳು, ನಮ್ಮನ್ನು ಮುಟ್ಟಲೂ ಅಂಜುತ್ತಿದ್ದಳು. ಸಂಜೆಯಾದರೆ ಮಾದೇವಿ ಅತ್ತಿಯ ಸೆರಗು ಹಿಡಿದು ಆಕೆಗೆ ಬೆನ್ನು ತಿರುಗಿಸುತ್ತಿದ್ದಳು. ಕಮಲವ್ವ ಒಲೆಯ ಮುಂದೆ ಕೂತು ಕಣ್ಣೊರೆಸಿಕೊಂಡಿದ್ದನ್ನು ನಾನು ನೋಡಿದ್ದೆ, ಅತ್ತಿಯೂ ನೋಡಿದ್ದಳು. ಮರುದಿನ ತಾನು ತೆಂಗಳಿಗೆ ಹೋಗುವುದಾಗಿ ಅಪ್ಪನಿಗೆ ಹೇಳಿದಳು. ಇಲ್ಲೇ ಇರು ಎಂದು ಅಪ್ಪ ಎಷ್ಟೋ ಬೇಡಿಕೊಂಡ.

“ಒಂದ ಮನ್ಯಾಗ ನಾವಿಬ್ಬರು ಇದ್ರ ಕೂಸು ಯಾರ ಬಲ್ಲಿ ಹೋಗ್ಬೇಕಪ್ಪ?” ಎಂದಳು ಅತ್ತಿ.

ಆದರೆ ಕೂಡಲೇ ಹೋಗಲಿಲ್ಲ. ಮೊದಲು ಕಮಲವ್ವನನ್ನು ಹತ್ತಿರ ಕೂರಿಸಿಕೊಂಡು ಕೂಸಿನ ಒಂದು ಕಾಲಿಗೆ ತಾನು ಎಣ್ಣೆ ಹಚ್ಚಿ, ಇನ್ನೊಂದಕ್ಕೆ ಆಕೆಯಿಂದ ಹಚ್ಚಿಸಿದಳು. ಕೆಲವು ದಿನ ಕಳೆದ ಮೇಲೆ ಎರಡೂ ಕಾಲು ಆಕೆಗೇ ಬಿಟ್ಟು ತಾನು ಗೋಡೆಗೆ ಒರಗಿದಳು. ಆಮೇಲೆ ಹೊಸ್ತಿಲಿಗೆ ಸರಿದಳು, ಕಡೆಗೆ ಅಂಗಳಕ್ಕೆ. ಅಲ್ಲಿಂದಲೇ, ಕಮಲವ್ವ ತಡವರಿಸಿದಾಗ, “ಅವ್ವ ಇಲ್ಲೇ ಇದ್ದಾಳ ಅನ್ನವ್ವ, ಅಂಜಬ್ಯಾಡ,” ಎಂದಳು. ಕಮಲವ್ವ ಹಾಗೇ ಅಂದಳು. ಮಾದೇವಿ ಅಳಲಿಲ್ಲ. ನಾನು ಹೊರಗೆ ಬಂದು ನೋಡಿದರೆ ಅತ್ತಿ ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದಳು. ನನ್ನನ್ನು ಹತ್ತಿರ ಎಳೆದುಕೊಂಡಳು. ಬೆಳಗಿನ ಬಸ್ಸಿಗೆ ಹೊರಟಾಗ ಕೂಸನ್ನು ಎಬ್ಬಿಸಗೊಡಲಿಲ್ಲ.

ಆಮೇಲೆ ಆಕೆ ಶಹಾಬಾದಿಗೆ ಬಂದದ್ದು ಒಮ್ಮೆ ಮಾತ್ರ, ಎರಡು ಮೂರು ವರ್ಷ ಕಳೆದ ಮೇಲೆ. ಮಾದೇವಿ ಗುರುತು ಹಿಡಿಯದೆ ಕಮಲವ್ವನ ಹಿಂದೆ ಅಡಗಿಕೊಂಡಳು. ಅತ್ತಿ ನಕ್ಕು, ಭಾಳ ಛಲೋ ಆತು ಎಂದಳು. ಆದರೆ ಆ ದಿನ ಆಕೆಗೆ ಊಟ ಸೇರಲಿಲ್ಲ. ಇನ್ನೂ ಕೆಲವು ವರ್ಷಗಳ ಮೇಲೆ ಅತ್ತಿ ತೀರಿಕೊಂಡ ಸುದ್ದಿ ಬಂದು ನಾವೆಲ್ಲ ತೆಂಗಳಿ ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಹೊಲದ ಬದಿಯ ಆ ಹಸಿ ಮಣ್ಣಿನ ಹತ್ತಿರ ಕಮಲವ್ವ ಕುಸಿದು ಕೂತು, ಹೆತ್ತ ತಾಯಿ ಹೋದವಳ ಹಾಗೆ ಅತ್ತಳು. ಆಗ ಹೈಸ್ಕೂಲಿಗೆ ಹೋಗುತ್ತಿದ್ದ ಮಾದೇವಿ ಗಾಬರಿಯಾಗಿ, ಇವರು ನಮಗೆ ಅಷ್ಟು ಹತ್ತಿರದವರಾ ಎಂದು ಕೇಳಿದಳು.

“ನಿನ್ನ ನನ್ನ ಉಡ್ಯಾಗ ಹಾಕಿದಾಕಿ,” ಎಂದಳು ಕಮಲವ್ವ.

ಮಾದೇವಿ ಬಹಳ ಹೊತ್ತು ಮಣ್ಣನ್ನೇ ನೋಡುತ್ತ ನಿಂತಳು. ಎಷ್ಟು ನೋಡಿದರೂ ಅವಳಿಗೆ ಅತ್ತಿಯ ಮುಖ ನೆನಪಾಗಲಿಲ್ಲ.